ಮೂರನೇ ಕೋಣೆಯ ಇಲಿ

ಜನರನ್ನು ಹೆದರಿಸುವ ಕೆಲಸಕ್ಕೆ ನಾನು ಒಪ್ಪಿಕೊಂಡಿದ್ದು ಬರೀ ಜಂಬದಿಂದ. ಆಗ ಮಂಡ್ಯದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಹುಡುಗರ ಕೈಲಿ ಹೂಜಿ, ಮಾವಿನಹಣ್ಣು ಬರೆಸಿ ಬರೆಸಿ ನನಗೇ ಸಾಕಾಗಿಹೋಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಮೊದಲ ಚಳಿಗಾಲದಲ್ಲಿ ಊರಾಚೆಯ ಬಯಲಿನಲ್ಲಿ ವಸ್ತುಪ್ರದರ್ಶನ ಏರ್ಪಾಡಾಯಿತು. ಪೇಟೆಯಲ್ಲಿ ಸೈಕಲ್ಲು, ಗ್ರಾಮಫೋನು ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರು ಅಲ್ಲಿ ಟಾರ್ಪಾಲು ಕಟ್ಟಿ ದೆವ್ವದ ಬಂಗಲೆ ತೆರೆದರು. ಒಳಗೆ ಹಗಲಲ್ಲೂ ಕತ್ತಲೆಯ ಮೂರು ಕೋಣೆ. ಮೊದಲನೆಯದರಲ್ಲಿ ಅಸ್ಥಿಪಂಜರ, ಎರಡನೆಯದರಲ್ಲಿ ಕೂದಲು ಬಿಚ್ಚಿಕೊಂಡ ಮೋಹಿನಿ. ಮೊದಲ ದಿನವೇ ಇಬ್ಬರ ಮಾನವೂ ಹೋಯಿತು. "ಲೇ, ಬಿದುರ್ ಕಡ್ಡಿ ಕಣ್ಲಾ ಇದು!" ಎಂದು ಪಕ್ಕದೂರು ಹೊಳಲಿನ ಹೈದರು ಪಕ್ಕೆಲುಬು ಎಣಿಸಿ ನಕ್ಕರು. ಇನ್ನೊಬ್ಬ ಮೋಹಿನಿಗೆ ಬೀಡಿ ಕೊಡಲು ಹೋದ.

"ಮೇಷ್ಟ್ರೇ, ಮೂರನೇ ಕೋಣೆ ನಿಮ್ದು. ಒಬ್ರಾದ್ರೂ ಕಿರುಚ್ಕೋಬೇಕು, ಇಲ್ದಿದ್ರೆ ನನ್ ಮರ್ಯಾದೆ ಹೋಯ್ತದೆ," ಅಂದರು ಸಾಹೇಬರು.

ನಮ್ಮ ಸೀಮೆಯವರು ದೆವ್ವ ಎದುರಿಗೆ ಬಂದರೆ ಯಾವೂರು, ಯಾರ ಪೈಕಿ ಎಂದು ವಿಚಾರಿಸುವ ಜನ. ಅವರು ನಿಜವಾಗಿ ಹೆದರುವುದು ಯಾವುದಕ್ಕೆಂದು ನನಗೆ ಗೊತ್ತಿತ್ತು. ಇಲಿಗೆ. ಪ್ಲೇಗು ಬರುವ ಮುಂಚೆ ಇಲಿ ಬೀಳುತ್ತಿತ್ತು. ಅಟ್ಟದಿಂದ ಒಂದು ಇಲಿ ಸತ್ತು ನೆಲಕ್ಕೆ ಬಿತ್ತೆಂದರೆ, ಕಂಡವರು ಆ ಕ್ಷಣವೇ ಊರಿಗೆ ಹೇಳಬೇಕು. ಇಡೀ ಊರು ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು, ರೋಗ ಅಡಗುವ ತನಕ ಚಳಿಯಲ್ಲಿ ಅಲ್ಲೇ ಬಿದ್ದಿರಬೇಕು. ಬಿದ್ದ ಇಲಿಯನ್ನು ಮುಚ್ಚಿಟ್ಟವರನ್ನು ಊರು ಮನುಷ್ಯರೆಂದು ಎಣಿಸುತ್ತಿರಲಿಲ್ಲ.

ಹಾಗಾಗಿ ಮೂರನೇ ಕೋಣೆಯಲ್ಲಿ ದೆವ್ವ ಇಡಲಿಲ್ಲ, ಒಂದು ಅಡುಗೆಮನೆ ಮಾಡಿದೆ. ಮಣ್ಣಿನ ಒಲೆ, ಅದರೊಳಗೆ ಕೆಂಪು ಕಾಗದದ ಹಿಂದೆ ಸಣ್ಣ ಬಲ್ಬು. ವಾಸನೆಗೆಂದು ಹೋಟೆಲಿನಿಂದ ಒಂದು ಪುಟ್ಟಿ ಬೂದಿ ತಂದು ಒಲೆಗೆ ಸುರಿದೆ. ಗೋಡೆಗೆ ಮೊರ, ಮೂಲೆಯಲ್ಲಿ ಮೋಟು ಪೊರಕೆ. ಇಲಿ ಮಾಡುವುದಕ್ಕೇ ಮೂರು ದಿನ ಹಿಡಿಯಿತು. ಹತ್ತಿ ತುಂಬಿದರೆ ಸದ್ದೇ ಇಲ್ಲ, ಮರಳು ತುಂಬಿದರೆ ಕಲ್ಲು ಬಿದ್ದ ಹಾಗೆ. ಕೊನೆಗೆ ಒದ್ದೆ ತೌಡು ತುಂಬಿ, ಕಣ್ಣು ಮುಚ್ಚಿ ಬೀಳಿಸಿದೆ. ಥಪ್ ಅಂತು. ನನ್ನ ಮೈಯೇ ಜುಂ ಅಂದಿತು. ಸಾಹೇಬರು ಬೆನ್ನು ತಟ್ಟಿದರು.

ಒಂದು ಮಾತು ಹೇಳಿಬಿಡಬೇಕು. ಅದು ಕೊತ್ತತ್ತಿಯಲ್ಲಿದ್ದ ನನ್ನ ಅಕ್ಕನ ಅಡುಗೆಮನೆ. ಅಮ್ಮ ಇಲ್ಲದ ನನ್ನನ್ನು ಅನ್ನ ಹಾಕಿ ಸಾಕಿದವಳು ಅವಳು. ಬೇರೆ ಯಾವ ಅಡುಗೆಮನೆಯೂ ನನಗೆ ಅಷ್ಟು ಗೊತ್ತಿರಲಿಲ್ಲ. ಒಲೆಯ ಪಕ್ಕದ ಮೂಲೆ ಖಾಲಿ ಹೊಡೆಯುತ್ತದೆಂದು ಅಲ್ಲೊಂದು ತೊಟ್ಟಿಲನ್ನೂ ತೂಗುಹಾಕಿದೆ. ಹಾಗೆ ಮಾಡುವಾಗ ನನ್ನ ಬುದ್ಧಿ ಎಲ್ಲಿ ಹುಲ್ಲು ಮೇಯುತ್ತಿತ್ತೋ ಇವತ್ತಿಗೂ ತಿಳಿಯದು.

ಏಕೆಂದರೆ ಅದಕ್ಕೆ ಏಳು ವರ್ಷ ಮುಂಚೆ ಅಕ್ಕನ ಒಂದೇ ಒಂದು ಮಗು ಪ್ಲೇಗಿನಲ್ಲಿ ಹೋಗಿತ್ತು. ವರ್ಷ ತುಂಬಿ ಮೂರು ತಿಂಗಳಾಗಿತ್ತು, ನನ್ನನ್ನು ಕಂಡರೆ ಎರಡೂ ಕೈ ಚಾಚುತ್ತಿತ್ತು. ಮಣ್ಣು ಮಾಡಿ ಬಂದ ಮೇಲೆ, ಮೊದಲ ಇಲಿ ಯಾರ ಮನೆಯಲ್ಲಿ ಬಿತ್ತು ಎಂದು ಊರಿನ ಹಿರಿಯರು ವಿಚಾರಣೆಗೆ ಕೂತರು. ಭಾವ ಎದ್ದು ನಿಂತು, "ನಮ್ ಕೊಟ್ಟಿಗೇಲಿ ಬಿತ್ತು. ಆಲೆಮನೆ ನಡೀತಿತ್ತು, ಬೆಲ್ಲ ಮುಗುದ್ಬುಡ್ಲಿ ಅಂತ ನಾನೇ ಮುಚ್ಚಾಕ್ದೆ," ಅಂದರು. ಊರೆಲ್ಲ ಅವರ ಮುಖಕ್ಕೆ ಉಗಿಯಿತು. ನಾನು ಎಲ್ಲರಿಗಿಂತ ಮುಂದೆ ಹೋಗಿ, "ನಿಂಗೆ ಮಗೀಗಿಂತ ಬೆಲ್ಲ ಹೆಚ್ಚಾಯ್ತೇನೋ?" ಅಂದೆ. ಭಾವನನ್ನು ಏಕವಚನದಲ್ಲಿ ಕರೆದಿದ್ದು ಜೀವಮಾನದಲ್ಲಿ ಅದೊಂದೇ ಸಲ. ಆಮೇಲೆ ಏಳು ವರ್ಷ ಅವರ ಹೊಸ್ತಿಲು ತುಳಿಯಲಿಲ್ಲ, ಅವರ ಜೊತೆ ಮಾತಾಡಲಿಲ್ಲ. ಅಕ್ಕನೇ ಆಗಾಗ ಮಂಡ್ಯಕ್ಕೆ ಬಂದು ನನ್ನನ್ನು ನೋಡಿಕೊಂಡು ಹೋಗುತ್ತಿದ್ದಳು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ಮೂರನೇ ಕೋಣೆ ಗೆದ್ದಿತು. ಅಸ್ಥಿಪಂಜರಕ್ಕೆ ನಕ್ಕವರೇ ನನ್ನ ಇಲಿಗೆ ಚಪ್ಪಲಿ ಬಿಟ್ಟು ಓಡಿದರು. ಗೋಣಿತಾಟಿನ ಹಿಂದೆ ನಿಂತು ದಾರ ಬಿಡುತ್ತಿದ್ದವನು ನಾನೇ. ಪ್ರತಿ ಕಿರುಚಾಟಕ್ಕೂ ನನ್ನ ಎದೆ ಉಬ್ಬುತ್ತಿತ್ತು. ಆ ಸುದ್ದಿ ಕೊತ್ತತ್ತಿಗೂ ಹೋಯಿತು.

ನಾಲ್ಕನೇ ದಿನ ಮಧ್ಯಾಹ್ನ, ಹೆಂಗಸರನ್ನಷ್ಟೇ ಬಿಡುವ ಹೊತ್ತಿನಲ್ಲಿ, ಅಕ್ಕ ಬಂದಳು. "ನನ್ ತಮ್ಮ ಮಾಡಿರದು ಕಣ್ರವ್ವಾ," ಎಂದು ಜೊತೆಯವರಿಗೆ ಹೇಳುತ್ತಿದ್ದ ದನಿ ಕೇಳಿದಾಗ ನನ್ನ ಕೈಯಲ್ಲಿದ್ದ ದಾರ ಆಗಲೇ ಸಡಿಲವಾಗಿತ್ತು. ಇಲಿ ಬಿತ್ತು. ಹೆಂಗಸರು ಕಿರುಚುತ್ತಾ ಹೊರಕ್ಕೆ ನುಗ್ಗಿದರು.

ಅಕ್ಕ ಕಿರುಚಲಿಲ್ಲ. ತೊಟ್ಟಿಲನ್ನು ನೋಡಿದಳು, ನೆಲದ ಮೇಲಿದ್ದ ಇಲಿಯನ್ನು ನೋಡಿದಳು. ಗೋಡೆಯಿಂದ ಮೊರ ತೆಗೆದು, ಪೊರಕೆಯಿಂದ ಇಲಿಯನ್ನು ಅದಕ್ಕೆ ತಳ್ಳಿಕೊಂಡು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎರಡೂ ಕೈಯಿಂದ ಬೂದಿ ಬಗೆದು, ಇಲಿಯನ್ನು ಅದರೊಳಗೆ ಹಾಕಿ ಮುಚ್ಚಿ, ಮೇಲೆ ಅಂಗೈಯಿಂದ ಸಮ ಮಾಡಿದಳು. ಆಮೇಲೆ ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆಗೆ ತಿರುಗಿದಳು. ಆ ಒಂದು ನೋಟ ನನಗೆ ಎಲ್ಲವನ್ನೂ ಹೇಳಿತು.

ತಾಟು ಸರಿಸಿ, "ಅಕ್ಕಾ," ಅಂದೆ.

ಅವಳು ಬೆಚ್ಚಲೂ ಇಲ್ಲ. "ಆ ವರ್ಸ ನಮ್ ಒಲೆ ಮುಂದೂ ಒಂದ್ ಇಲಿ ಬಿತ್ತು ಕಣಪ್ಪ. ಯಾರ್ಗೂ ಯೋಳ್ನಿಲ್ಲ. ಅದರ್ ಮುಂಚಿನ್ ವರ್ಸ ಗುಡ್ಲಲ್ಲಿ ಮಗೀಗೆ ಎದೆ ಕಟ್ಟಿ ಸಾಯಂಗಾಗಿತ್ತಲ್ಲ. ಮತ್ತೆ ಆ ಚಳೀಗೆ ಎತ್ಕಂಡೋಗಕ್ಕೆ ಮನಸ್ಸು ಬರ್ನಿಲ್ಲ. ಎಲ್ಡ್ ದಿನ ತಡುದ್ರೆ ಏನಾದದು ಅಂದ್ಕಂಡೆ."

ಕೈಗಂಟಿದ ಬೂದಿಯನ್ನು ನೋಡಿಕೊಳ್ಳುತ್ತಾ ಅವಳೇ ಮುಂದುವರಿಸಿದಳು.

"ನಿಮ್ ಭಾವ ಕೊಟ್ಟಿಗೇಲಿ ಬಿದ್ದುದ್ದ ಎಲ್ರ ಮುಂದೆ ಒಪ್ಕಂಡ್ರು. ನಾನು ಬಾಯೇ ಬುಡ್ನಿಲ್ಲ. ಅವರ್ ಮಕಕ್ಕೆ ಉಗುದ್ರು, ನಾನ್ ನೋಡ್ಕಂಡ್ ಕುಂತಿದ್ದೆ." ಅಷ್ಟು ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು.

ನಾನೂ ಹೊರಗೆ ಬಂದೆ. ಅವಳನ್ನು ಗಾಡಿಯಲ್ಲಿ ಕರೆತಂದಿದ್ದ ಭಾವ ಬಯಲಿನ ಅಂಚಿನಲ್ಲಿ ಎತ್ತುಗಳಿಗೆ ಕಬ್ಬಿನ ಗರಿ ಹಾಕುತ್ತಿದ್ದರು. ಗುಡಾರದ ಹತ್ತಿರಕ್ಕೂ ಬಂದಿರಲಿಲ್ಲ. ಅಲ್ಲಿಂದಲೇ, ಬೂದಿ ಬಳಿದ ಕೈ ಹಿಡಿದುಕೊಂಡು ನಲ್ಲಿಯತ್ತ ಹೋಗುತ್ತಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ಹತ್ತಿರ ಬಂದ ನನ್ನನ್ನು ನೋಡಿದರು.

"ಯೋಳ್ಬುಟ್ಲಾ?" ಅಂದರು.

"ನಿಮ್ಗೆ ಗೊತ್ತಿತ್ತಾ, ಭಾವ?"

"ಮನೆ ಬುಡೋ ಒತ್ನಲ್ಲಿ ಒಲೆ ಬೂದಿ ತಗುದು ತಿಪ್ಪೆಗಾಕಿದ್ದು ನಾನೇ. ಅದ್ರಲ್ಲಿ ಸಿಕ್ತು." ಗರಿಯ ಕಟ್ಟು ಬಿಚ್ಚುತ್ತಾ, ನನ್ನ ಕಡೆ ನೋಡದೆ ಮುಂದುವರಿಸಿದರು. "ಕೊಟ್ಟಿಗೇಲಿ ಯಾವ್ ಇಲೀನೂ ಬಿದ್ದಿರ್ನಿಲ್ಲ ಕಣಪ್ಪ."

ಜನ ಗದ್ದಲ ಮಾಡುತ್ತಿದ್ದರು, ಎಲ್ಲೋ ಗ್ರಾಮಫೋನು ಹಾಡುತ್ತಿತ್ತು. ಅವರ ಕಾಲು ಹಿಡಿಯಬೇಕೆಂದು ಬಗ್ಗಿದೆ. ಅವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ಬ್ಯಾಡ, ಅವ್ಳು ನೋಡಾಳು. ಇದ್ನ ಅವ್ಳಿಗೆ ಯಾವತ್ತೂ ಯೋಳ್ಬ್ಯಾಡ. ಇಬ್ರೂ ತಪ್ಪು ಮಾಡುದ್ವಿ ಅಂದ್ಕಂಡವ್ಳೆ, ಅದ್ಕೇ ಜೀವ ಇಡ್ಕಂಡವ್ಳೆ. ಒಬ್ಳೇ ಅಂದ್ರೆ ತಡ್ಕಳಾಕಿಲ್ಲ."

ಅಷ್ಟರಲ್ಲಿ ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ಏಳು ವರ್ಷದ ಮೇಲೆ ನಾವಿಬ್ಬರೂ ಒಂದು ಕಡೆ ನಿಂತಿದ್ದನ್ನು ಕಂಡು ಅವಳ ಮುಖ ಅರಳಿತು. ಅಳು ಇನ್ನೂ ಕಣ್ಣಲ್ಲೇ ಇತ್ತು, ಆದರೂ ನಕ್ಕಳು. ನನ್ನ ಕೈ ಹಿಡಿದುಕೊಂಡು ಕೇಳಿದಳು.

"ಇವರ್ ತಪ್ಪ ಮನ್ನಿಸ್ಬುಟ್ಯಾ, ಮಗ?"

ಭಾವ ಎತ್ತಿನ ಕೊರಳ ಮೇಲೆ ಕೈಯಾಡಿಸುತ್ತಾ ನಿಂತಿದ್ದರು.

"ಊಂ ಕಣಕ್ಕ," ಅಂದೆ. "ಮನ್ನಿಸ್ಬುಟ್ಟೆ."