ಪ್ರಭಾವತಿಯ ಹೊಗೆ ಬಂಗುಡೆ

ನಮ್ಮ ಕಡೆ ಸೊಸೆಯಾದವಳ ಮರ್ಯಾದೆ ತೆಗೆಯಲು ಒಂದೇ ಮಾತು ಸಾಕು: ಅಡುಗೆ ಹೊಗೆ ಹಿಡಿದಿದೆ. ಅಂಥ ಊರಲ್ಲಿ ನನ್ನ ಅಕ್ಕ ಪ್ರಭಾವತಿ ಬೇಕೆಂದೇ ಮೀನಿಗೆ ಹೊಗೆ ಹಿಡಿಸುತ್ತಾಳೆ. ಹುಚ್ಚು ಅಂದವರು ಎಷ್ಟೋ ಜನ. ಅನ್ನಲಿ, ಊರ ಬಾಯಿಗೆ ಬೀಗ ಹಾಕುವವರು ಯಾರು!

ಅಕ್ಕನ ಮನೆ ಕಡಲ ದಡದ ಕೋಡಿ ಎಂಬ ಊರಲ್ಲಿ. ಭಾವ ಬೋಟಿಗೆ ಹೋಗುತ್ತಾರೆ. ಒಳ್ಳೆಯ ಬಂಗುಡೆ ಸಿಕ್ಕ ದಿನ ಅವಳು ಅದನ್ನು ಬೆನ್ನ ಮೇಲೆ ಸೀಳಿ, ಉಪ್ಪುನೀರಲ್ಲಿಟ್ಟು, ಒರೆಸಿ, ಕಾಳುಮೆಣಸಿನ ಜೊತೆ ಜಜ್ಜಿದ ದೊಡ್ಡಪತ್ರೆ ಸವರುತ್ತಾಳೆ. ಗಾಳಿಗೆ ಮೈ ಆರಿದ ಮೇಲೆ ಹಿತ್ತಲಿನ ಹಳೇ ಡ್ರಮ್ಮಿನೊಳಗೆ ನೇತುಹಾಕಿ, ಕೆಳಗೆ ತೆಂಗಿನ ಸಿಪ್ಪೆಯನ್ನು ಉರಿ ಏಳದಂತೆ ಹೊಗೆಯಾಡಿಸುತ್ತಾಳೆ. ಅದರ ಮೇಲೆ ಹಸಿ ಅರಿಶಿನ ಎಲೆ. ಮೀನು ಅಲ್ಲೇ ಬೆಂದು ಜೇನಿನ ಬಣ್ಣಕ್ಕೆ ಬರುತ್ತದೆ, ಮತ್ತೆ ಒಲೆಗಿಡುವ ಕೆಲಸವಿಲ್ಲ. ಯಾರೂ ಕಲಿಸಿದ್ದಲ್ಲ ಇದು. ಸುಟ್ಟು, ಕೆಡಿಸಿ, ಬೆಕ್ಕಿಗೆ ಹಾಕಿ ಕಲಿತದ್ದು.

ವೈನು ನನ್ನ ಪಾಲು. ಬ್ರಹ್ಮಾವರದ ನಮ್ಮ ಮನೆಯಲ್ಲಿ ನಾನು ಹಣ್ಣಿನ ವೈನು ಮಾಡುತ್ತೇನೆ. ಮೊದಲು ನೇರಳೆಯದ್ದು ಒಯ್ದೆ. ಬಂಗುಡೆ ತಿಂದು ಅದನ್ನು ಕುಡಿದರೆ ಕಬ್ಬಿಣದ ಮೊಳೆ ನೆಕ್ಕಿದ ಹಾಗಾಯಿತು.

"ನಿನ್ ವೈನ್ ನನ್ ಮೀನನ್ನ್ ಕೊಂದ್ತ್ ಮಾರಾಯ್ತಿ" ಅಂದಳು ಅಕ್ಕ, ಮುಖಕ್ಕೇ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಟ ಹಿಡಿದು ಅನಾನಸಿನದ್ದು ಮಾಡಿದೆ, ಸಿಹಿ ಕಮ್ಮಿ ಇಟ್ಟು. ಒಂದು ತುಂಡು ಮೀನು, ಒಂದು ಗುಟುಕು ವೈನು. ಆ ಹುಳಿಗೆ ಮೀನಿನ ಜಿಡ್ಡು ಕಳೆದು, ದೊಡ್ಡಪತ್ರೆಯ ಘಮವೂ ಹೊಗೆಯೂ ಬಾಯಲ್ಲಿ ಉಳಿದವು. ಅಕ್ಕ ನನ್ನ ಬೆನ್ನಿಗೊಂದು ಗುದ್ದಿ ನಕ್ಕಳು.

ಬೈಂದೂರಿನಲ್ಲಿ ಹೋಟೆಲ್ ನಡೆಸುವ ಯತೀಶ ಭಾವನ ಗೆಳೆಯ. ಭಾನುವಾರ ಬಂದು ರುಚಿ ನೋಡುತ್ತೇನೆ, ಹಿಡಿಸಿದರೆ ಹೋಟೆಲಿನ ಮೆನುವಿಗೆ ಹಾಕುತ್ತೇನೆ ಅಂದ. ಹುಚ್ಚು ಅನ್ನಿಸಿಕೊಂಡವಳಿಗೆ ಇದಕ್ಕಿಂತ ದೊಡ್ಡದು ಏನಿದೆ? ಅಕ್ಕ ಶನಿವಾರವೇ ಮೀನು ಹೊಗೆಗೆ ಹಾಕಿ ಸಿದ್ಧಮಾಡಿಟ್ಟಳು.

ಭಾನುವಾರ ನಾವಿಬ್ಬರೂ ಪೇಟೆಗೆ ಹೋಗಿ ಗ್ಲಾಸು ತಂದೆವು. ಬಂದು ನೋಡಿದರೆ ಮೀನಿಲ್ಲ! ಅಕ್ಕನ ಅತ್ತೆ ಚಂದ್ರಮತಿಯಮ್ಮ ಒಲೆಯ ಮುಂದೆ ನಿಂತಿದ್ದರು. ಕಾಯಿ ಅರೆದು ಹಾಕಿದ ಸಾರು ಕೊತಕೊತ ಕುದಿಯುತ್ತಿತ್ತು.

"ಹೊಗಿ ಹಿಡ್ದ್ ಒಣ ಮೀನ್ ನೆಂಟ್ರಿಗೆ ಹಾಂಗೇ ಹಾಕುಕ್ ಆತ್ತಾ? ಅಕ್ಕಚ್ಚಂಗೆ ಮೂರ್ ಸಲ ತೊಳ್ದೆ. ಈಗ ವಾಸ್ನಿಯೇ ಇಲ್ಲೆ" ಅಂದರು, ಹೆಮ್ಮೆಯಿಂದ.

ಅಕ್ಕಿ ತೊಳೆದ ನೀರಲ್ಲಿ, ಅಷ್ಟೂ ಮೀನು! ಇಷ್ಟು ದಿನದ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದಳು.

"ನನ್ ಮರ್ಯಾದಿ ಉಳ್ಸುಕೆ ಅಂದೇ ತೊಳ್ದದ್ ಅವ್ರ್. ಬೈಬ್ಯಾಡ" ಎಂದು ಪಿಸುಗುಟ್ಟಿದಳು. ಕಣ್ಣು ತುಂಬಿತ್ತು.

ಯತೀಶ ಬಂದ. ಸಾರು ಸುರಿದುಕೊಂಡು ಎರಡೆರಡು ಸಲ ಅನ್ನ ಉಂಡ. "ಪ್ರಭಕ್ಕ, ಸಾರ್ ಭಾರೀ ಲಾಯ್ಕ್ ಇತ್ತ್. ಹೋಟ್ಲಿಗೆ ಇದನ್ನೇ ಮಾಡಿ ಕೊಡಿ."

ಚಂದ್ರಮತಿಯಮ್ಮನ ಮುಖ ಅರಳಿತು. ಹೂಂ ಅಂದುಬಿಡೇ ಎಂದು ನಾನು ಮನಸ್ಸಲ್ಲೇ ಅಕ್ಕನನ್ನು ದೂಡಿದೆ.

"ಇದ್ ಅತ್ತಿ ಸಾರ್. ನನ್ನದ್ ತಿಂಬುದಾರೆ ನಾಳೆ ಬರ್ಕ್" ಅಂದಳು ಅಕ್ಕ.

"ನಾಳೆ ಪುರ್ಸೊತ್ತಿಲ್ಲೆ."

"ಹಂಗಾರೆ ಇಲ್ಲೆ."

ಎಂಥ ಗಂಡೆದೆ ನೋಡಿ! ಗೊಣಗಿಕೊಂಡೇ ಹೋದವನು ಮಾರನೆಯ ಸಂಜೆ ಗೊಣಗಿಕೊಂಡೇ ಬಂದ. ಅಕ್ಕ ಬೆಳಗಿನಿಂದ ಡ್ರಮ್ಮಿನ ಪಕ್ಕ ಬಿಟ್ಟು ಕದಲಿರಲಿಲ್ಲ. ತಟ್ಟೆ ಇಟ್ಟಳು, ನಾನು ಅನಾನಸಿನ ವೈನು ಬಗ್ಗಿಸಿದೆ. ಅವನು ಮೀನು ಮೂಸಿ ನೋಡಿದ. ಬಾಗಿಲಲ್ಲಿ ಕೂತಿದ್ದ ಚಂದ್ರಮತಿಯಮ್ಮ, ಹೋಯಿತು ಮರ್ಯಾದೆ ಎಂದು ಹಣೆ ಚಚ್ಚಿಕೊಂಡರು.

ಯತೀಶ ತಿಂದ, ಒಂದು ಗುಟುಕು ಕುಡಿದ, ಮತ್ತೆ ತಿಂದ. ಮುಳ್ಳು ಮಾತ್ರ ಉಳಿದ ಮೇಲೆ ತಲೆ ಎತ್ತಿದ. "ಶನಿವಾರದಿಂದ ಕಳ್ಸಿ ಪ್ರಭಕ್ಕ. ಮೆನುವಲ್ಲಿ ಹೆಸ್ರ್ ಎಂತ ಹಾಕುದ್?"

"ಪ್ರಭಾವತಿ ಹೊಗಿ ಬಂಗ್ಡಿ" ಅಂದಳು ಅಕ್ಕ, ಕಣ್ಣು ಮಿಟುಕಿಸದೆ. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ!

ಚಂದ್ರಮತಿಯಮ್ಮ ಎದ್ದು ಒಳಗೆ ಹೋಗಿ ತಮ್ಮ ತಟ್ಟೆ ತಂದು ಅವಳ ಮುಂದೆ ಹಿಡಿದರು.

"ನಂಗೂ ಒಂದ್ ತುಂಡ್ ಹಾಕ್ ಹೆಣ್ಣೇ. ತೊಳುದ್ ಬ್ಯಾಡ."