ಮೈಲಾರಮ್ಮ ಎತ್ತಿಸಿದ ಪ್ಲಿಂತ್

ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ನನ್ನ ಪಕ್ಕದ ಮಷಿನ್ ಮೈಲಾರಮ್ಮನದು. ನಾನು ಜೇಬು ಹೊಲಿದರೆ ಅವಳು ಸೊಂಟಪಟ್ಟಿ ಕೂಡಿಸುತ್ತಾಳೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಈ ಕೆಲಸಕ್ಕೆ ಬರುವ ಮೊದಲು ಅವಳೂ ಗಂಡ ಸುಂಕಪ್ಪನೂ ಬೆಂಗಳೂರಿನಲ್ಲಿ ಎಂಟು ವರ್ಷ ಕಟ್ಟಡದ ಕೂಲಿ ಮಾಡಿದವರು. ಅಲ್ಲಿಂದ ಎಲ್ಲರೂ ಬೆನ್ನುನೋವು ತಂದರು. ಇವಳು ಅದರ ಜೊತೆಗೆ ಒಂದಿಷ್ಟು ಮಾತುಗಳನ್ನೂ ತಂದಳು.

ಅಲ್ಲಿ ಮೊದಲ ದಿನ ಮೇಸ್ತ್ರಿ ರಸಮಟ್ಟ ಕೇಳಿದಾಗ ಯಾವುದೆಂದು ತಿಳಿಯದೆ ಬೈಸಿಕೊಂಡಳಂತೆ. ಆ ಸಿಟ್ಟಿಗೇ ಒಂದೊಂದನ್ನೂ ಕೇಳಿ ಕಲಿತಳು. ಗಾಜಿನ ನಳಿಗೆಯಲ್ಲಿ ಗುಳ್ಳೆ ನಟ್ಟನಡುವೆ ನಿಂತರೆ ಕಟ್ಟಿದ್ದು ಸಮ, ಅದು ರಸಮಟ್ಟ. ಗೋಡೆ ನೆಟ್ಟಗಿದೆಯೋ ವಾಲಿದೆಯೋ ಹೇಳುವುದು ದಾರಕ್ಕೆ ಕಟ್ಟಿದ ತೂಗುಗುಂಡು. ಬಾಗಿಲ ಮೇಲಿನ ಗೋಡೆಯ ಭಾರ ಹೊರುವುದು ಲಿಂಟಲ್. ಕಿಟಕಿಯ ಮೇಲೆ ಮಳೆಗೆ ಅಡ್ಡವಾಗಿ ಚಾಚಿದ್ದು ಸಜ್ಜ. ಟೀ ಹೊತ್ತಿನಲ್ಲಿ ನಮಗೆಲ್ಲ ಇದರದೇ ಪಾಠ. ನೀನು ಪ್ಯಾಂಟು ಹೊಲಿಯುತ್ತೀಯೋ ಮನೆ ಕಟ್ಟುತ್ತೀಯೋ ಎಂದು ನಾವು ಕಾಡಿಸುತ್ತಿದ್ದೆವು.

ಕೊನೆಗೆ ಮನೆಯನ್ನೂ ಕಟ್ಟಿಸತೊಡಗಿದಳು. ಜಾಗ ಸುಂಕಪ್ಪನ ಅಣ್ಣ ಉಜ್ಜಿನಪ್ಪನ ಮನೆಯ ಪಕ್ಕದಲ್ಲೇ. ತಂದೆ ಸತ್ತ ಮೇಲೆ ತಮ್ಮನನ್ನು ಸಾಕಿದವನು ಈ ಉಜ್ಜಿನಪ್ಪ; ಸುಂಕಪ್ಪನಿಗೆ ಅಣ್ಣನ ಮಾತೇ ವೇದವಾಕ್ಯ. ಅವರ ಮನೆತನದಲ್ಲಿ ಒಂದು ಪದ್ಧತಿ: ಅಕ್ಕಪಕ್ಕ ಕಟ್ಟಿದರೆ ತಮ್ಮನ ಹೊಸ್ತಿಲು ಅಣ್ಣನದಕ್ಕಿಂತ ಎತ್ತರ ಇರಬಾರದು.

ಅಣ್ಣನ ಮನೆಗೆ ಆಗಲೇ ಇಪ್ಪತ್ತು ವರ್ಷ. ಅಷ್ಟರಲ್ಲಿ ಆ ಬೀದಿಗೆ ಮೂರು ಸಲ ಸಿಮೆಂಟು ಬಿದ್ದು ರಸ್ತೆ ಮೇಲೆ ಬಂದಿತ್ತು. ಜೋರು ಮಳೆಯಾದರೆ ನೀರು ನಡುಮನೆಗೇ ನುಗ್ಗುತ್ತಿತ್ತು. ಉಜ್ಜಿನಪ್ಪ ಮಾತ್ರ ಮೋರಿ ಕಟ್ಟಿಕೊಂಡಿದೆ ಎಂದು ಊರನ್ನೆಲ್ಲ ಬೈಯುತ್ತಿದ್ದ. ಮನೆ ತಗ್ಗಾಗಿದೆ ಎಂದು ಅವನೆದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಮಧ್ಯಾಹ್ನ ಮೈಲಾರಮ್ಮ ಊಟದ ಬಿಡುವಿನಲ್ಲಿ ಕೆಲಸ ನೋಡಲು ಹೋದಳು. ಪಾಯ ಮುಗಿದಿತ್ತು. ಅಮರಾಪುರದಿಂದ ಬಂದ ಮೇಸ್ತ್ರಿ ಸಣ್ಣತಿಮ್ಮಪ್ಪ ಅಣ್ಣನ ಹೊಸ್ತಿಲಿಗೆ ಸರಿಯಾಗಿ ದಾರ ಎಳೆದು ಕಟ್ಟಿದ್ದ. ಒಳನೆಲ ಅಷ್ಟೇ ಎತ್ತರಕ್ಕೆ ಬರಬೇಕೆಂದು ಸುಂಕಪ್ಪನ ಅಪ್ಪಣೆ. ಪ್ಲಿಂತ್ ಎಂದರೆ ಹೊರಗಿನ ನೆಲದಿಂದ ಮನೆಯ ಒಳನೆಲದವರೆಗಿನ ಎತ್ತರ. ಅದನ್ನು ರಸ್ತೆಯಿಂದ ಅಳೆಯಬೇಕು, ಪಕ್ಕದ ಮನೆಯಿಂದಲ್ಲ. ಹೀಗೇ ಬಿಟ್ಟರೆ ಅವಳ ಹದಿನೈದು ವರ್ಷದ ದುಡಿಮೆ ಮೊದಲ ಮಳೆಗೇ ನೀರುಪಾಲು.

ಕೆಲಸ ನಿಲ್ಲಿಸಿದಳು.

"ನಂದೇನೈತಮ್ಮ, ನಿಮ್ ಯಜಮಾನ್ರು ಹೇಳ್ದಂಗೆ ಕಟ್ಟಿವ್ನಿ," ಎಂದು ಮೇಸ್ತ್ರಿ ಕರಣೆ ಕೆಳಗಿಟ್ಟ. ಸುಂಕಪ್ಪ, ನೀರು ಬಂದರೆ ಬರಲಿ, ಅಣ್ಣನ ತಲೆ ತಗ್ಗಿಸಲಾರೆ ಎಂದು ಹಟ ಹಿಡಿದ.

ಶೆಡ್ಡಿಗೆ ಬಂದು ಇದನ್ನೆಲ್ಲ ಹೇಳಿದಾಗ ನಾನೂ ಒಂದು ತಪ್ಪು ಮಾಡಿದೆ. ಹೋಗಲಿ ಬಿಡೇ, ಅಣ್ಣತಮ್ಮಂದಿರ ನಡುವೆ ಹುಳಿ ಹಿಂಡಬೇಡ ಎಂದುಬಿಟ್ಟೆ. ಸಂಜೆಯವರೆಗೂ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ.

ಮರುದಿನ ರಜೆ ಹಾಕಿ, ಮೇಸ್ತ್ರಿ ಮಟ್ಟ ನೋಡುವ, ನೀರು ತುಂಬಿದ ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಿಡಿದು ಬಾವನ ಮನೆಗೆ ಹೋದಳು. ಅದುವರೆಗೆ ಬಾವನೆದುರು ಎರಡು ಮಾತಿಗಿಂತ ಹೆಚ್ಚು ಆಡಿದವಳಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಒಂದು ತುದಿಯನ್ನು ಹೊಸ್ತಿಲ ಮೇಲೆ ನೆಟ್ಟಗೆ ಹಿಡಿಯುವಂತೆ ಕೇಳಿದಳು. ತಾನು ಇನ್ನೊಂದು ತುದಿಯನ್ನು ರಸ್ತೆಯ ಮೇಲೆ ಹಿಡಿದಳು. ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅದಕ್ಕೆ ಅಣ್ಣ ತಮ್ಮ ಗೊತ್ತಿಲ್ಲ. ರಸ್ತೆಯಲ್ಲಿ ನೀರು ನೆಲದಿಂದ ಒಂದು ಮೊಳ ಮೇಲಿತ್ತು. ಹೊಸ್ತಿಲಲ್ಲಿ ಒಂದು ಮೊಳ ನಾಲ್ಕು ಬೆರಳು.

ಉಜ್ಜಿನಪ್ಪ ಆ ನಾಲ್ಕು ಬೆರಳನ್ನು ತುಂಬ ಹೊತ್ತು ನೋಡಿದ.

"ಹಂಗಾದ್ರ ನನ್ನ ಮನಿ ತಗ್ಗಾತು ಅನ್ನವ್ವ."

"ಮನಿ ತಗ್ಗಾಗಿಲ್ರಿ ಬಾವ. ನೀವು ಕಟ್ಟಿದಷ್ಟ ಎತ್ತರ ಐತಿ. ರಸ್ತೆ ಮ್ಯಾಲ ಬಂದೈತಿ."

ಉಜ್ಜಿನಪ್ಪ ಎದ್ದುಹೋಗಿ ಮೇಸ್ತ್ರಿಯ ದಾರವನ್ನು ತಾನೇ ಬಿಚ್ಚಿ, ಆರು ವರಸೆ ಇಟ್ಟಿಗೆಯಷ್ಟು ಮೇಲಕ್ಕೆ ಕಟ್ಟಿದ. ಸುಂಕಪ್ಪ ಬೇಡವೆಂದು ಅಡ್ಡ ಬಂದ.

"ಸುಮ್ನಿರಲೇ," ಎಂದ ಅಣ್ಣ. "ಮಳಿ ಬಂದಾಗ ನಮಗೂ ಮಲಗಾಕ ಒಂದು ಒಣ ಜಾಗ ಬೇಕಲ್ಲ."

ಸುಂಕಪ್ಪ ಟವಲ್ಲಿನಿಂದ ಮುಖ ಒರೆಸಿಕೊಂಡನಂತೆ. ಮರುದಿನ ಶೆಡ್ಡಿನಲ್ಲಿ ಅವಳ ಬಾಯಿಂದ ಇದನ್ನು ಕೇಳುತ್ತ ನಾನು ಒಂದು ಜೇಬನ್ನು ತಲೆಕೆಳಗಾಗಿ ಹೊಲಿದು ಸೂಪರ್‌ವೈಸರಿನಿಂದ ಬೈಸಿಕೊಂಡೆ. ಬೈಗುಳ ತಾಗಲೇ ಇಲ್ಲ, ಅಷ್ಟು ಸಂತೋಷವಾಗಿತ್ತು.

ಮನೆ ಮುಗಿದು ಅವರು ಒಕ್ಕಲು ಬಂದ ವರ್ಷವೇ ದಸರೆಗೆ ಮೊದಲು ದೊಡ್ಡ ಮಳೆ ಹಿಡಿಯಿತು. ಅಂದು ಭಾನುವಾರ, ನಾನು ಅವಳ ಮನೆಯಲ್ಲೇ ಇದ್ದೆ. ಸಂಜೆಯ ಹೊತ್ತಿಗೆ ಬೀದಿಯೆಲ್ಲ ಕೆಂಪು ನೀರು. ಇವಳ ಮನೆಯ ಮೆಟ್ಟಿಲುಗಳಲ್ಲಿ ಒಂದೇ ಒಂದು ಮುಳುಗಿತ್ತು. ಉಜ್ಜಿನಪ್ಪನೂ ಅವನ ಹೆಂಡತಿಯೂ ಕಂಬಳಿ ಬಗಲಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. ತಾನೇ ಹೇಳಿದ ಮಾತಾದರೂ ಉಜ್ಜಿನಪ್ಪನಿಗೆ ಸಂಕೋಚ. ಬಾಗಿಲಲ್ಲೇ ನಿಂತು ಕಾಲು ಒರೆಸಿದ್ದೇ ಒರೆಸಿದ.

ಮೈಲಾರಮ್ಮ ಉಪಚಾರದ ಮಾತು ಆಡಲಿಲ್ಲ. ಒಳಕೋಣೆಯ ಬಾಗಿಲು ತೆರೆದಳು. ಅವರಿಬ್ಬರ ಹಾಸಿಗೆಯನ್ನು ಮಧ್ಯಾಹ್ನ ಮೋಡ ಕವಿದಾಗಲೇ ಹಾಸಿಟ್ಟಿದ್ದಳು.