ವಿಮಾನ ಹತ್ತಿದ ಗುಂಡು

ಬೆಳಗಾವಿ ಸೀಮೆಯ ಅನಂತಪುರದ ನಮ್ಮ ಭೂಪಾಲ ಕಾಕಾನ ಮನೆಗೆ ನೀವು ಎಂದಾದರೂ ಬಂದರೆ, ಬಾಗಿಲ ಪಕ್ಕದಲ್ಲಿ ಒಂದು ಕರಿಯ ಗುಂಡುಕಲ್ಲನ್ನು ಕಾಣುತ್ತೀರಿ. ಕಾಣುವುದಕ್ಕಿಂತ ಮೊದಲು ಎಡವುತ್ತೀರಿ ಎನ್ನುವುದೇ ಸರಿ. ಅದರ ಮೇಲೆ ನಾವು ಚಪ್ಪಲಿ ಬಿಡುತ್ತೇವೆ, ಕಾಕಾನ ಹೆಂಡತಿ, ಅಂದರೆ ನಮ್ಮ ಕಾಕು, ಒರಸುಬಟ್ಟೆ ಒಣಹಾಕುತ್ತಾಳೆ, ಮಧ್ಯಾಹ್ನದ ಹೊತ್ತು ಬೆಕ್ಕು ಅದರ ಮೇಲೆ ಕುಳಿತು ಓಣಿಯ ಆಗುಹೋಗುಗಳನ್ನು ಗಮನಿಸುತ್ತದೆ. ಹರೆಯದಲ್ಲಿ ಕಾಕಾ ಈ ಕಲ್ಲನ್ನು ನೆಲದಿಂದ ಎತ್ತಿ, ಎದೆಗೆ ಆನಿಸಿ, ಹೆಗಲ ಮೇಲಿಂದ ಹಿಂದಕ್ಕೆ ಒಗೆಯುತ್ತಿದ್ದನಂತೆ. ಹಾಗೆ ಗಳಿಸಿದ ಬೆಳ್ಳಿಯ ಕಡಗ ಈಗಲೂ ಅವನ ಕೈಯಲ್ಲಿದೆ. ಯಾರೂ ಕೇಳದಿದ್ದರೂ ಮಾತಿನ ನಡುವೆ ಅದು ತೋಳಿನಿಂದ ಜಾರಿ ಮಣಿಕಟ್ಟಿಗೆ ಬಂದು ಎಲ್ಲರಿಗೂ ದರ್ಶನ ಕೊಡುತ್ತದೆ.

ಗುಂಡು ಎಂಬ ಈ ಮಾತನ್ನೇ ನೋಡಿ. ಬೇರೆ ವಿಷಯಗಳಲ್ಲಿ ಧಾರಾಳಿಯಾದ ನಮ್ಮ ಕನ್ನಡ ಇಲ್ಲಿ ಮಾತ್ರ ಯಾಕೋ ಕೈ ಬಿಗಿಹಿಡಿದಿದೆ. ಎತ್ತುವ ಕಲ್ಲೂ ಗುಂಡು, ತಾಳಿಯಲ್ಲಿ ಪೋಣಿಸುವ ಬಂಗಾರದ ಮಣಿಯೂ ಗುಂಡು, ಬಂದೂಕಿನಿಂದ ಹಾರುವುದೂ ಗುಂಡು, ಸಂಜೆ ಹೆಂಡತಿಗೆ ಹೇಳದೆ ಹಾಕುವುದೂ ಗುಂಡು. ದುಂಡಗಿದ್ದರೆ ಸಾಕು, ಅಥವಾ ಕುಡಿದವನನ್ನು ದುಂಡಗೆ ತಿರುಗಿಸಿದರೂ ಸಾಕು. ಈ ಜಿಪುಣತನದಿಂದ ಆಗಬಹುದಾದ ಅನಾಹುತ ಎಂಥದ್ದೆಂದು ನನಗೆ ತಿಳಿದದ್ದು ಕಳೆದ ಚಳಿಗಾಲದಲ್ಲಿ, ಬೆಳಗಾವಿಯ ವಿಮಾನ ನಿಲ್ದಾಣದಲ್ಲಿ.

ಯಾಕೆಂದರೆ ನನ್ನದೂ ಒಂದು ಗುಂಡಿದೆ. ರಾಯಬಾಗದ ವಿಮಾ ಕಚೇರಿಯೊಂದರಲ್ಲಿ ಕಡತ ತಿರುವುವ ನಾನು, ನೌಕರಿಯ ಮೊದಲ ವರ್ಷಗಳನ್ನು ಪುಣೆಯಲ್ಲಿ ಕಳೆಯುವಾಗ ಬೌಲಿಂಗ್ ಎಂಬ ಆಟಕ್ಕೆ ಬಿದ್ದೆ: ನುಣುಪಾದ ಮರದ ಹಾದಿಯಲ್ಲಿ ಭಾರವಾದ ಚೆಂಡನ್ನು ಉರುಳಿಸಿ, ತುದಿಯಲ್ಲಿ ನಿಲ್ಲಿಸಿದ ಸೀಸೆಯಾಕಾರದ ಪಿನ್ನುಗಳನ್ನು ಬೀಳಿಸುವ ಆಟ. ಊರ ಕಡೆ ವರ್ಗವಾಗಿ ಬಂದ ಮೇಲೂ ಚಟ ಬಿಡಲಿಲ್ಲ. ರವಿವಾರ ಕೊಲ್ಲಾಪುರದ ಮಾಲೊಂದಕ್ಕೆ ಹೋಗಿ ಉರುಳಿಸಿ ಬರುತ್ತೇನೆ. ಕಾಕಾ ಒಮ್ಮೆ ಬಂದು ನೋಡಿದ್ದ. ಅವನ ತೀರ್ಪು ಚಿಕ್ಕದಿತ್ತು: "ಎತ್ತಾಕ ಬರಲಿಲ್ಲಂದ್ರ ಉಳ್ಳಸ್ತಾರ."

ಕಚೇರಿಗಳ ನಡುವಿನ ಆಟೋಟಕ್ಕೆ ಹೈದರಾಬಾದಿಗೆ ಹೋಗಲು ನನ್ನನ್ನು ಆರಿಸಿದಾಗ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ, ಅಲ್ಲಿ ಚೆಂಡು ಸಿಗುವುದಿಲ್ಲವೇ ಎಂಬುದು. ಬೇಕಾದಷ್ಟು ಸಿಗುತ್ತವೆ. ಆದರೆ ಗೆಳೆಯರೇ, ಬೌಲಿಂಗ್ ಚೆಂಡಿಗೆ ಬೆರಳು ತೂರಿಸಲು ಮೂರು ತೂತುಗಳಿರುತ್ತವೆ, ಮತ್ತು ನನ್ನ ಚೆಂಡಿನ ತೂತುಗಳನ್ನು ಪುಣೆಯ ಅಂಗಡಿಯವನು, ಬಳೆಗಾರ ಕೈ ಹಿಸುಕಿ ಅಳತೆ ನೋಡುವಂತೆ, ನನ್ನ ಬೆರಳುಗಳ ಅಳತೆ ನೋಡಿಯೇ ಕೊರೆದಿದ್ದಾನೆ. ಬಾಡಿಗೆಯ ಚೆಂಡಿನಲ್ಲಿ ಹೆಬ್ಬೆರಳು ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಸಡಿಲಾಗಿ ಅಲ್ಲಾಡುತ್ತದೆ. ಹತ್ತು ವರ್ಷ ಒಬ್ಬಳೇ ಬೆಳೆಸಿಕೊಂಡ ಹುಚ್ಚನ್ನು ನಾಲ್ಕು ಜನರ ಮುಂದೆ ಇಡಲು ಸಿಕ್ಕಿದ ಅವಕಾಶ ಅದೊಂದೇ, ಅದನ್ನು ಬೇರೆಯವರ ಚೆಂಡಿನಿಂದ ಕೆಡಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಐದು ಕಿಲೋ ಮೀರಿದ ಆ ಚೆಂಡು ನನ್ನ ಜೊತೆ ಹಾರಲೇಬೇಕಿತ್ತು.

ಜೊತೆಗೆ ಕಾಕಾನೂ ಹಾರಲು ನಿಂತ. ಅವನ ಮಗಳು ಪದ್ಮಕ್ಕ ಇರುವುದು ಹೈದರಾಬಾದಿನಲ್ಲಿ. ವಿಮಾನವೆಂಬುದನ್ನು ಹೊಟ್ಟೆಯ ಕಡೆಯಿಂದ ಮಾತ್ರ ನೋಡಿದ್ದ ಅವನಿಗೆ ಒಮ್ಮೆ ಒಳಗಿನಿಂದಲೂ ನೋಡುವ ಆಸೆ. ಕಬ್ಬಿನ ಹಂಗಾಮು ನಡೆದಿತ್ತು. ಮಗಳಿಗೆಂದು ಗಾಣದ ಮುಂದೆ ತಾನೇ ನಿಂತು ಹಾಕಿಸಿದ ಬೆಲ್ಲದ ದುಂಡನೆಯ ಪೆಂಟಿ, ಜೋಳದ ಹಿಟ್ಟು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಒಣದ್ರಾಕ್ಷಿ ಎಲ್ಲ ಅವನ ಚೀಲದಲ್ಲಿ ಸೇರಿದವು. ನಸುಗಂದು ಬಣ್ಣದ ಆ ಪೆಂಟಿಯನ್ನೂ ನನ್ನ ಚೆಂಡನ್ನೂ ಅಕ್ಕಪಕ್ಕ ಇಟ್ಟರೆ ಅಕ್ಕತಂಗಿಯರೆನ್ನಬೇಕು. ಹೊರಡುವ ಮುಂಜಾನೆ ಕಾಕು ಎರಡಕ್ಕೂ ಭೇದವೆಣಿಸದೆ ಅರಿಶಿನ ಕುಂಕುಮ ಹಚ್ಚಿದಳು.

ನಿಲ್ದಾಣದಲ್ಲಿ ಸಾಮಾನು ತೂಗುವ ಹುಡುಗಿ, ತಪಾಸಣೆಯ ಪರದೆಯ ಮೇಲಿನ ದುಂಡನೆಯ ನೆರಳನ್ನು ನೋಡಿದವರು ಯಾರೋ ಹೇಳಿ ಕಳಿಸಿದ್ದರಿಂದ, ಚೀಲದಲ್ಲಿ ಏನಿದೆ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, ಹೊಲದ ಆಚೆಯವರಿಗೂ ಕೇಳುವ ತನ್ನ ಸಹಜ ದನಿಯಲ್ಲಿ, "ಗುಂಡು ಐತ್ರಿ" ಎಂದ. ಸಾಲಿನಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಬೆಂಗಳೂರಿನ ಕಡೆಯವಳಾದ ಆ ಹುಡುಗಿ ಮೆಲ್ಲಗೆ, ಎಷ್ಟು ಬಾಟಲಿ ಎಂದು ವಿಚಾರಿಸಿದಳು. ಸೂರ್ಯ ಮುಳುಗಿದ ಮೇಲೆ ಊಟವನ್ನೂ ಮುಟ್ಟದ ನಮ್ಮ ಜೈನ ಕಾಕಾನಿಗೆ ಇದು ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು, ಅರ್ಥವಾದ ಮೇಲೆ ಸಿಟ್ಟು ಬರಲು ಅಷ್ಟೂ ಹಿಡಿಯಲಿಲ್ಲ. ಅಷ್ಟರಲ್ಲಿ ಕನ್ನಡ ಬಾರದ ಕಾವಲಿನವನೊಬ್ಬ ಬಂದ. ಕಾಕಾ ನಮ್ಮ ಗಡಿಯವರೆಲ್ಲ ಮಾಡುವಂತೆ, ಕನ್ನಡ ಸೋತಲ್ಲಿ ಮರಾಠಿಗೆ ಕೈಹಾಕಿ, ಅದು ಗೋಳಾ, ಅಂದರೆ ಉಂಡೆ, ಎಂದು ತಿಳಿಸಿಹೇಳಿದ. ಹಿಂದಿಯವನ ಕಿವಿಗೆ ಗೋಳಾ ಎಂದರೆ ತೋಪಿನಿಂದ ಹಾರುವ ವಸ್ತು. ಎರಡು ಭಾಷೆ ಬಲ್ಲವನಿಗೆ ಎರಡು ಪಟ್ಟು ಅನುಕೂಲವೆಂದು ಯಾರು ಹೇಳಿದರೋ. ಎರಡು ಪಟ್ಟು ಅಪಾಯವಂತೂ ಇದೆ.

ಚೀಲ ಬಿಚ್ಚಿಸಿದರು. ಅರಿಶಿನ ಕುಂಕುಮ ಹಚ್ಚಿಕೊಂಡು, ಮೂರು ಕಣ್ಣು ಬಿಟ್ಟು ನನ್ನ ಚೆಂಡು ಮಲಗಿತ್ತು. ಸ್ಫೋಟಕದ ಪುಡಿ ಇದೆಯೇ ಎಂದು ನೋಡಲು ತೂತಿನೊಳಗೆ ಆಡಿಸಿದ ಬಟ್ಟೆ ಹಳದಿಯಾಗಿ ಹೊರಬಂತು. ನಾನು ಬೆರಳು ತೂರಿಸಿ, ಆ ಹೊಳೆಯುವ ನೆಲದ ಮೇಲೆ ಉರುಳಿಸುವ ಅಭಿನಯ ಮಾಡಿ ತೋರಿಸಿದ ಮೇಲೆ ಎಲ್ಲರಿಗೂ ಸಮಾಧಾನವಾಯಿತು.

ಆದರೆ ತಕ್ಕಡಿಗೆ ಆಗಲಿಲ್ಲ. ಇಬ್ಬರದೂ ಸೇರಿ ತೂಕ ಮಿತಿ ಮೀರಿತ್ತು, ಕೈಚೀಲಗಳೂ ಆಗಲೇ ಬಿರಿಯುತ್ತಿದ್ದವು, ಇಂಥ ಚೆಂಡನ್ನು ಕೈಯಲ್ಲಿ ಒಯ್ಯಲು ಬಿಡುವುದಿಲ್ಲವೆಂದೂ ಹೇಳಿದರು. ಹೆಚ್ಚಿನ ಹಣ ಕಟ್ಟುತ್ತೇನೆಂದೆ. ಕಾಕಾ ಕಡಗವನ್ನು ಮಣಿಕಟ್ಟಿಗೆ ಇಳಿಸಿ ತಡೆದ: ಅವನ ಲೋಕದಲ್ಲಿ ಭಾರ ಹೊತ್ತವರಿಗೆ ಕೊಡುವುದು ಪದ್ಧತಿಯೇ ಹೊರತು ಅವರಿಂದ ಕಸಿಯುವುದಲ್ಲ. ಹಾಗಾದರೆ ಒಂದು ದುಂಡನೆಯದು ಇಳಿಯಬೇಕು. ನಾನು ಬೆಲ್ಲವನ್ನು ನೋಡಿದೆ, ಮಗಳಿಗೆಂದು ಗಾಣದ ಹೊಗೆಯಲ್ಲಿ ನಿಂತ ಮುದುಕನನ್ನು ನೋಡಿದೆ, ಚೆಂಡಿಗೆ ಕೈಹಾಕಿದೆ. ನಮ್ಮನ್ನು ಬಿಡಲು ಬಂದ ಗಾಡಿಯವನು ಹೊರಗೇ ಇದ್ದ, ಅವನ ಕೈಗೆ ಕೊಟ್ಟರಾಯಿತು.

ಇಲ್ಲಿ ನಮ್ಮ ಮನೆತನದ ಒಂದು ಹಳೆಯ ನಗೆಯ ಕಥೆ ಹೇಳಬೇಕು. ಕಾಕಾ ಹರೆಯದಲ್ಲಿ ಮಿರಜ ಕಡೆ ಗುಂಡು ಎತ್ತುವ ಪಂದ್ಯಕ್ಕೆ ಹೊರಟಾಗ, ಅಲ್ಲಿ ಪಂದ್ಯದ ಕಲ್ಲು ಇದ್ದೇ ಇರುತ್ತದೆಂದು ಎಲ್ಲರೂ ಹೇಳಿದರೂ ಕೇಳದೆ, ತನ್ನ ಕಲ್ಲನ್ನು ಬಸ್ಸಿಗೆ ಹತ್ತಿಸಿದ್ದ. ಕಲ್ಲಿಗೆ ಫುಲ್ ಟಿಕೀಟೋ ಹಾಫ್ ಟಿಕೀಟೋ ಎಂದು ಶುರುವಾದ ಜಗಳ ಕಾಗವಾಡದಲ್ಲಿ ಮುಗಿದು, ಅವನು ತಿರುಗಿ ಬಂದು ಒಯ್ಯುವವರೆಗೆಂದು ಕಲ್ಲು ಒಂದು ಚಹಾದಂಗಡಿಯ ಮುಂದೆ ಇಳಿಯಿತು. ಕಥೆ ಅಲ್ಲಿಗೆ ಮುಗಿಯುತ್ತಿತ್ತು, ನಾವು ನಗುತ್ತಿದ್ದೆವು. ಮುಂದೆ ಮಿರಜಿನಲ್ಲಿ ಏನಾಯಿತೆಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಕಾಕಾ ನನ್ನ ಕೈ ಹಿಡಿದ. ಈ ಸಲ ಅವನ ದನಿ ನನಗೊಬ್ಬಳಿಗೇ ಕೇಳುವಷ್ಟಿತ್ತು.

"ಕಂಡಕ್ಟರನ ಮಾತ ಕೇಳಿ ನಾ ನನ್ನ ಗುಂಡು ಇಳಿಸಿದ್ನಿ, ತಂಗಿ. ಅಲ್ಲೀದು ನನ್ನ ತೆಕ್ಕಿಗೆ ಬರಲೇ ಇಲ್ಲ. ನೀ ಇಳಸಬ್ಯಾಡ. ಬೆಲ್ಲಾ ಯಾರ ಬಾಯಾಗ ಹಾಕಿದ್ರೂ ಸಿಹೀನ ಇರ್ತೈತಿ."

ಆಮೇಲೆ ಅವನು ಪೆಂಟಿಯನ್ನು ತನ್ನ ಟಾವೆಲಿನಲ್ಲಿ ಕಟ್ಟಿ ನೆಲದ ಮೇಲಿಟ್ಟ. ನನ್ನ ಚೆಂಡಿನ ತೂತಿಗೆ ಬೆರಳು ಹಾಕಿ ನೋಡಿದ. ಕಿರುಬೆರಳೂ ಒಳಗೆ ಹೋಗಲಿಲ್ಲ. ಎರಡೂ ಅಂಗೈಗಳಲ್ಲಿ ಎತ್ತಿ ಮೇಲಿನಿಂದ ಒಂದೇ ಏಟು ಕೊಟ್ಟ. ಪೆಂಟಿ ಒಳಗೊಳಗೇ ಪುಡಿಯಾಯಿತು. ಆ ಪ್ರವಾಸದಲ್ಲಿ ನನ್ನ ಚೆಂಡಿನಿಂದ ಒಂದೇ ಏಟಿಗೆ ಎಲ್ಲವೂ ಉರುಳಿದ್ದು ಅದೊಂದು ಸಲವೇ, ಅದೂ ನನ್ನ ಕೈಯಿಂದಲ್ಲ. ಕಾಕಾ ಸಾಲಿನವರಿಗೆಲ್ಲ ಬೆಲ್ಲ ಹಂಚಿದ, ಕಾವಲಿನವನಿಗೆ ಗೋಳಾ ಎನ್ನುತ್ತಲೇ ದೊಡ್ಡ ತುಂಡು ಕೊಟ್ಟ. ಪದ್ಮಕ್ಕನ ಪಾಲಿಗೆ ಅಂಗಿಯ ಜೇಬಿನಲ್ಲಿ ಒಂದು ಹಿಡಿ ಉಳಿಯಿತು.

ಹೈದರಾಬಾದಿನಲ್ಲಿ ನಾನು ಗೆಲ್ಲಲಿಲ್ಲ. ಪಟ್ಟಿಯ ನಡುವೆ ಎಲ್ಲೋ ನಿಂತೆ. ಬಾಡಿಗೆಯ ಬಣ್ಣದ ಬೂಟು, ಬಿಳಿ ಟೊಪ್ಪಿಗೆ ಧರಿಸಿ ಕೂತು ನೋಡಿದ ಕಾಕಾ ಸೋಲುಗೆಲುವಿನ ಮಾತೆತ್ತದೆ, ಗುಂಡು ಕೈಗೆ ಬಂತೇ ಎಂದಷ್ಟೇ ಕೇಳಿದ. ಬಂತು ಎಂದೆ. ಅಷ್ಟು ಸಂತೋಷ ನನಗೆ ಗೆದ್ದಿದ್ದರೂ ಆಗುತ್ತಿರಲಿಲ್ಲವೇನೋ.

ಮೊನ್ನೆ ಅನಂತಪುರಕ್ಕೆ ಹೋದಾಗ, ರೂಢಿಯಂತೆ ಬಾಗಿಲ ಗುಂಡಿನ ಮೇಲೆ ಚಪ್ಪಲಿ ಬಿಡಲು ಹೋದವಳು ಬಗ್ಗಿ ನೋಡಿದೆ. ಒರಟು ಕಲ್ಲಿನ ಎರಡೂ ಬದಿಗೆ ಒಂದೊಂದು ಜಾಗ ಮಾತ್ರ ಕನ್ನಡಿಯಷ್ಟು ನುಣುಪಾಗಿತ್ತು, ಒಬ್ಬ ಗಂಡಸಿನ ಮುಂದೋಳು ತಬ್ಬುವಷ್ಟು ಉದ್ದಕ್ಕೆ. ನನ್ನ ಚೆಂಡಿನ ಅಳತೆಯನ್ನು ಅಂಗಡಿಯವನು ಒಂದು ತಾಸಿನಲ್ಲಿ ಕೊರೆದಿದ್ದ. ಇದರದ್ದನ್ನು ಕಾಕಾ ವರ್ಷಗಟ್ಟಲೆ ತಬ್ಬಿ ತಬ್ಬಿ ತಾನೇ ಮಾಡಿಕೊಂಡಿದ್ದ. ನನ್ನ ಚಪ್ಪಲಿಯನ್ನು ನೆಲದ ಮೇಲೆ ಬಿಟ್ಟೆ. ಕಾಕು ಅದೇ ಹೊತ್ತಿಗೆ ಬಂದು ಒದ್ದೆ ಒರಸುಬಟ್ಟೆಯನ್ನು ಕಲ್ಲಿನ ಮೇಲೆ ಹರವಿದಳು. ಅವಳು ಒಳಗೆ ಹೋಗುವವರೆಗೆ ಕಾದು, ನಾನು ಅದನ್ನು ತೆಗೆದು ತಂತಿಯ ಮೇಲೆ ಹಾಕಿದೆ.